ಮನೆಗೆ ಬೆಲೆ ಕಟ್ಟುವವರನ್ನು ಓಟು ಹಾಕಿ ಆರಿಸಬೇಕಾ?

ಏಪ್ರಿಲ್ ತಿಂಗಳೊಳಗೆ ಮನೆಪಟ್ಟಿ, ಅಂದರೆ ಪುರಸಭೆಗೆ ಕೊಡುವ ಆಸ್ತಿ ತೆರಿಗೆ, ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ. ಮೇ, ಜೂನ್‌ನಲ್ಲಿ ಕಟ್ಟಿದರೆ ಪೂರ್ತಿ ಹಣ. ಜುಲೈಯಿಂದ ತಿಂಗಳಿಗೆ 2% ದಂಡ ಬೀಳುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಯುಗಾದಿ ಕಳೆದ ಮೇಲೆ ಮೊದಲು ಮುಗಿಸುವ ಕೆಲಸ ಅದೇ. ಅಪ್ಪ ಇದ್ದಾಗ ಅಪ್ಪ ಹೋಗುತ್ತಿದ್ದರು, ಈಗ ನಾನು ಹೋಗುತ್ತೇನೆ.

ಈ ಸಲ ಚಲನ್ ಕೈಗೆ ಬಂದಾಗ ಮೊತ್ತ ಯಾಕೋ ಜಾಸ್ತಿ ಅನ್ನಿಸಿತು. ಪ್ರತಿ ವರ್ಷ ಸ್ವಲ್ಪ ಏರುವುದು ಗೊತ್ತಿರುವ ವಿಷಯವೇ. ಆದರೆ ಇದು ಆ ಲೆಕ್ಕಕ್ಕೆ ಕೂರುತ್ತಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ಓದಿದೆ. ಕಟ್ಟಡದ ವಿವರದಲ್ಲಿ ಎರಡು ಸಾಲು ಇತ್ತು. ನೆಲ ಅಂತಸ್ತು ಅಂತ ಒಂದು, ಮೊದಲ ಮಹಡಿ ಅಂತ ಇನ್ನೊಂದು. ನಮ್ಮದು ಒಂದೇ ಅಂತಸ್ತಿನ ತಾರಸಿ ಮನೆ. ಮೇಲೆ ಮಹಡಿ ಇಲ್ಲ. ಮೇಲಿರುವುದು ತಗಡಿನ ಮಾಡು.

ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎಷ್ಟು ಗಟ್ಟಿ ತಾರಸಿ ಹಾಕಿದರೂ ಐದಾರು ಮಳೆಗಾಲ ಕಳೆದ ಮೇಲೆ ಎಲ್ಲೋ ಒಂದು ಕಡೆ ಒಸರಲು ಶುರುವಾಗುತ್ತದೆ. ಅದಕ್ಕೆ ತಾರಸಿಯ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ, ಇಳಿಜಾರು ಮಾಡಿ, ಮೇಲೆ ನೀಲಿ ಅಥವಾ ಕೆಂಪು ಶೀಟ್ ಹೊದಿಸುತ್ತೇವೆ. ನಾಲ್ಕು ಕಡೆಯೂ ಗೋಡೆ ಇರುವುದಿಲ್ಲ, ಸೊಂಟದೆತ್ತರದ ಕಟ್ಟೆ ಮಾತ್ರ. ಅದರ ಕೆಳಗೆ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಇರುತ್ತದೆ, ಬಚ್ಚಲೊಲೆಗೆ ಬೇಕಾದ ಸೋಗೆ, ಸಿಪ್ಪೆ ಎಲ್ಲ ಅಲ್ಲೇ. ಆಯಿ ಹಪ್ಪಳ ಒಣಗಿಸುವುದೂ ಅಲ್ಲೇ. ಜೋರು ಮಳೆ ಬಂದರೆ ಆ ಶೀಟಿನ ಸದ್ದಿಗೆ ಕೆಳಗೆ ಟಿವಿ ಕೇಳುವುದಿಲ್ಲ. ಯಾರೂ ಅಲ್ಲಿ ಮಲಗುವುದಿಲ್ಲ, ಯಾರೂ ಬಾಡಿಗೆಗೆ ಕೊಡುವುದಿಲ್ಲ.

ರಸ್ತೆಯಲ್ಲಿ ನಿಂತು ನೋಡಿದರೆ ಮಾತ್ರ ಕಟ್ಟೆಯ ಮೇಲೆ ಮಾಡು ಕಾಣುತ್ತದೆ, ಮಹಡಿ ಇದ್ದ ಹಾಗೆ. ಅಳತೆಗೆ ಬಂದವರು ಬೈಕಿನಿಂದ ಇಳಿಯದೆ ಫೋಟೊ ತೆಗೆದುಕೊಂಡು ಹೋಗಿದ್ದರು ಅಂತ ಆಯಿ ಆಮೇಲೆ ನೆನಪು ಮಾಡಿ ಹೇಳಿದಳು. ಊರಿನ ಹೆಸರು ಬರೆಯುವುದಿಲ್ಲ. ಒಬ್ಬ ನೌಕರನ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ, ಮತ್ತೆ ಇದು ನಮ್ಮೂರಿಗೆ ಮಾತ್ರ ಸೇರಿದ ಸಂಗತಿ ಅಂತಲೂ ನನಗೆ ಅನ್ನಿಸುವುದಿಲ್ಲ.

ಸರಿ ಮಾಡಿಸಲು ನಾಲ್ಕು ಸಲ ಓಡಾಡಿದೆ. ಮೊದಲ ಸಲ ಕೌಂಟರಿನಲ್ಲಿದ್ದವರು ಅರ್ಜಿ ಕೊಡಿ ಅಂದರು. ಎರಡನೇ ಸಲ ಅರ್ಜಿ ಜೊತೆಗೆ ಫೋಟೊ ಬೇಕು ಅಂದರು. ನಾನು ಸುಮ್ನೆ ಕೇಳಿದೆ, ಹೀಗೆ ಏರಿದ್ದಕ್ಕೆ ಯಾರನ್ನು ಕೇಳಬೇಕು ಅಂತ. ದರ ಕೌನ್ಸಿಲ್ ಮಾಡಿದ್ದು ಅಂದರು. ಜಾಗದ ಬೆಲೆ ನೋಂದಣಿ ಇಲಾಖೆ ಗೊತ್ತು ಮಾಡುವ ಮಾರ್ಗಸೂಚಿ ಬೆಲೆ, ಅದು ನಮ್ಮ ಕೈಯಲ್ಲಿ ಇಲ್ಲ ಅಂದರು. ಕಟ್ಟಡದ ವಿವರ ಆಸ್ತಿ ಮಾಲೀಕರದ್ದೇ ಘೋಷಣೆ ಅಂದರು. ವಾರ್ಡಿನ ಸದಸ್ಯರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯರೇ, ಚರಂಡಿ ಕಟ್ಟಿಕೊಂಡರೆ ರಾತ್ರಿ ಹತ್ತಕ್ಕೂ ಬರುತ್ತಾರೆ. ಅವರು ಹೇಳಿದ್ದು ಇಷ್ಟೇ: "ಅಸೆಸ್‌ಮೆಂಟ್ ಅಧಿಕಾರಿಗಳ ಕೆಲಸ ಮಾರಾಯಾ, ನಾವು ಕೈ ಹಾಕಿದರೆ ತಪ್ಪಾಗ್ತದೆ."

ಅವರವರ ಮಾತು ಬೇರೆಬೇರೆಯಾಗಿ ನೋಡಿದರೆ ಸರಿಯೇ. ಕರ್ನಾಟಕದ ಪುರಸಭೆಗಳ ಕಾಯ್ದೆ 1964ರದ್ದು, ಅದರ ಪ್ರಕಾರ ದರ ನಿಗದಿ ಮಾಡುವುದು ಕೌನ್ಸಿಲ್, ಅದೂ ಸರ್ಕಾರ ಹಾಕಿದ ಮಿತಿಯ ಒಳಗೆ. ಆ ಮಿತಿಯ ಹಿಂದೆ ಕೇಂದ್ರ ಹಣಕಾಸು ಆಯೋಗದ ಷರತ್ತೂ ಇತ್ತು. 15ನೇ ಆಯೋಗ, ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡದ ರಾಜ್ಯದ ಊರುಗಳಿಗೆ ಅನುದಾನ ಇಲ್ಲ ಅಂತ ಹೇಳಿತ್ತು. ಜಾಗದ ಮಾರ್ಗಸೂಚಿ ಬೆಲೆ ಇನ್ನೊಂದು ಇಲಾಖೆಯದು, 2023ರ ಅಕ್ಟೋಬರ್ 1ರಿಂದ ಇಡೀ ರಾಜ್ಯದಲ್ಲಿ ಅದು ಬದಲಾಯಿತು, ಆಕ್ಷೇಪಣೆ ಇದ್ದರೆ ಹೇಳಿ ಅಂತ ಕೆಲವು ದಿನ ಕೊಟ್ಟಿದ್ದರು, ನಮ್ಮ ಕೇರಿಯಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಕಟ್ಟಡಕ್ಕೆ ಹೆಂಚಿನ ಮನೆ, ತಾರಸಿ ಮನೆ, ಶೀಟಿನ ಮನೆ ಅಂತ ಬೇರೆ ಬೇರೆ ಬೆಲೆ, ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಇಷ್ಟೂ ಸೇರಿ ಬರುವ ಮೊತ್ತಕ್ಕೆ ಕೊನೆಗೆ ಉತ್ತರ ಹೇಳುವವರು ಯಾರು? ನಾಲ್ಕು ಸಲ ಹೋದರೂ ನನಗೆ ಅಂಥ ಒಬ್ಬರು ಸಿಗಲಿಲ್ಲ.

ಇನ್ನೊಂದು ವಿಷಯ. ತೆರಿಗೆಯ ಮೇಲೆ ಸೆಸ್ ಇರುತ್ತದೆ: ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3%. ಈ ಕರಗಳನ್ನು ನಾನು ಬೇಜಾರಿಲ್ಲದೆ ಕಟ್ಟುತ್ತೇನೆ. ಊರಿನ ಗ್ರಂಥಾಲಯದಲ್ಲಿ ಕೂತೇ ನಾನು ಪರೀಕ್ಷೆಗೆ ಓದಿದವನು. ಆದರೆ ಲೆಕ್ಕ ನಡೆಯುವುದು ಮೂಲ ತೆರಿಗೆಯ ಮೇಲೆ. ಅಲ್ಲಿ ಇಲ್ಲದ ಮಹಡಿ ಸೇರಿಕೊಂಡರೆ ಅದರ ಮೇಲೆ ಇನ್ನೂ 24% ಏರುತ್ತದೆ. ಹಾಗೇ ವರ್ಷ ವರ್ಷ ನಡೆಯುತ್ತದೆ.

ಮೂರನೇ ಸಲ ಹೋದಾಗ ಒಬ್ಬ ಹುಡುಗ ಟೇಪ್ ಹಿಡಿದು ಬಂದ. ತಾರಸಿ ಹತ್ತಿ ನೋಡಿದ. "ಓ, ಇದು ಶೀಟ್ ಮಾಡು" ಅಂದ. ಎರಡು ನಿಮಿಷದ ಕೆಲಸ. ನಾಲ್ಕನೇ ಸಲಕ್ಕೆ ಮಹಡಿ ತೆಗೆದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಎದುರು ಮನೆಯ ಅಕ್ಕ ಹೊಲಿಗೆ ಕೆಲಸ ಮಾಡುತ್ತಾರೆ. ಗಂಡ ತೀರಿಕೊಂಡಿದ್ದಾರೆ, ಮಗ ಗೋವಾದಲ್ಲಿ. ಎರಡು ಕೋಣೆಯ ತಾರಸಿ, ಮೇಲೆ ಶೀಟ್. ನನ್ನ ವಿಷಯ ಕೇಳಿ ಅವರು ಒಳಗೆ ಹೋಗಿ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಹಳೆಯ ಚಲನ್‌ಗಳೆಲ್ಲ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದವು, ಒಂದೂ ಬಿಡದೆ. ಜಗಲಿಯ ಮೇಲೆ ಹರಡಿ ನೋಡಿದೆವು. ಮೂರು ವರ್ಷದಿಂದ ಅವರ ಮನೆಗೂ ಮೊದಲ ಮಹಡಿ ಇತ್ತು. ಮೂರೂ ವರ್ಷ ಅವರು ಏಪ್ರಿಲ್‌ನಲ್ಲೇ, ಹೊಲಿಗೆಯ ದುಡ್ಡು ಕೂಡಿಸಿಟ್ಟು, ತಡ ಮಾಡದೆ ಕಟ್ಟಿದ್ದಾರೆ. "ನಾನು ಏನೋ ಸರ್ಕಾರದ ಲೆಕ್ಕ ಅಂದ್ಕಂಡೆ ತಮಾ" ಅಂದರು. ನನಗೆ ತುಂಬ ಸಂಕಟ ಆಯಿತು. ಆ ಸಾಲಿನಲ್ಲಿ ಶೀಟ್ ಹಾಕಿದ ಮನೆಗಳು ಇನ್ನೂ ಎಷ್ಟೋ ಇವೆ. ನನ್ನ ಮನೆಯದು ತಪ್ಪು ಅಂತ ಒಪ್ಪಿದ ಮೇಲೆ ಅದೇ ತಪ್ಪು ಪಕ್ಕದ ಮನೆಯಲ್ಲಿ ಇದೆಯಾ ಅಂತ ಯಾಕೆ ನೋಡಬಾರದು? ಅವರವರು ಅರ್ಜಿ ಕೊಡಬೇಕು, ಅದೇ ನಿಯಮ ಅಂತೆ.

ಈ ವಿಷಯ ನನ್ನ ಚಿಕ್ಕಮ್ಮನ ಮಗಳ ಹತ್ತಿರ ಫೋನಿನಲ್ಲಿ ಹೇಳಿದೆ. ಅವಳು ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದಾಳೆ, ನಮ್ಮ ಎರಡು ವಾರ್ಡಿನಷ್ಟೂ ಜನ ಇಲ್ಲದ ಊರು. "ಅಣ್ಣಾ, ಇಲ್ಲಿ ಮನೆಗೆ ಬೆಲೆ ಕಟ್ಟುವವರನ್ನೇ ನಾವು ಓಟು ಹಾಕಿ ಆರಿಸ್ತೇವೆ" ಅಂದಳು. ನಾನು ನಂಬಲಿಲ್ಲ. ಆಮೇಲೆ ಅವಳಿಂದ ಕೇಳಿ, ಓದಿ ತಿಳಿದುಕೊಂಡೆ.

ಅಲ್ಲಿ ಅವರಿಗೆ ಲಿಸ್ಟರ್ ಅಂತ ಹೆಸರು. ಪಟ್ಟಿ ಮಾಡುವವರು. ಸಾಮಾನ್ಯವಾಗಿ ಊರಿಗೆ ಮೂವರು, ಮೂರು ವರ್ಷದ ಅವಧಿ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಸಭೆ, ಅವಳ ಊರಲ್ಲಿ ಅದು ಶಾಲೆಯ ಹಾಲ್‌ನಲ್ಲಿ ನಡೆಯುತ್ತದೆ, ಹೊರಗೆ ಇನ್ನೂ ಹಿಮ ಇರುತ್ತದಂತೆ. ರಸ್ತೆಗೆ ಎಷ್ಟು ದುಡ್ಡು ಅನ್ನುವುದರಿಂದ ಹಿಡಿದು ಎಲ್ಲ ಅಲ್ಲೇ ಮಾತಾಡಿ ತೀರ್ಮಾನ ಮಾಡುತ್ತಾರೆ. ಲಿಸ್ಟರ್ ಚುನಾವಣೆಯೂ ಆ ದಿನವೇ. ಅವರು ಏಪ್ರಿಲ್ 1ಕ್ಕೆ ಯಾವ ಆಸ್ತಿ ಹೇಗಿದೆಯೋ ಆ ಪ್ರಕಾರ ಬೆಲೆ ಕಟ್ಟಿ ಗ್ರ್ಯಾಂಡ್ ಲಿಸ್ಟ್ ಅಂತ ಇಡೀ ಊರಿನ ಪಟ್ಟಿ ತಯಾರು ಮಾಡುತ್ತಾರೆ. ಅದನ್ನು ಯಾರು ಬೇಕಾದರೂ ನೋಡಬಹುದು. ಪಕ್ಕದ ಮನೆಗೆ ಎಷ್ಟು ಬೆಲೆ, ಊರಿನ ದೊಡ್ಡ ಮನೆಗೆ ಎಷ್ಟು, ಎಲ್ಲ. ನಿಮ್ಮ ಬೆಲೆ ತಪ್ಪು ಅನ್ನಿಸಿದರೆ ಮೊದಲು ಲಿಸ್ಟರ್‌ಗಳೇ ಕೂತು ನಿಮ್ಮ ಮಾತು ಕೇಳಬೇಕು. ಅಲ್ಲಿ ಒಪ್ಪಿಗೆ ಆಗದಿದ್ದರೆ ಊರಿನ ಇನ್ನೊಂದು ಮಂಡಳಿ, ಅದೂ ಆಗದಿದ್ದರೆ ರಾಜ್ಯದ ಮಟ್ಟಕ್ಕೆ ಅಥವಾ ಕೋರ್ಟಿಗೆ.

ಕೇಳಿದ ಕೂಡಲೇ ನನಗೆ ಅನ್ನಿಸಿದ್ದು, ನಮಗೂ ಇದೇ ಬೇಕು ಅಂತ. ಊರಿನವನೇ ಆದರೆ ತಗಡಿನ ಮಾಡು ಯಾಕೆ ಹಾಕುತ್ತಾರೆ ಅಂತ ಅವನಿಗೆ ಗೊತ್ತಿರುತ್ತದೆ. ಅವನ ಮನೆಯ ಮೇಲೂ ಅದೇ ಇರುತ್ತದೆ. ಸಂತೆಯಲ್ಲಿ ಸಿಕ್ಕಾಗ ಕೇಳಬಹುದು.

ಆದರೆ ಒಂದು ವಾರ ಅದನ್ನೇ ಯೋಚನೆ ಮಾಡಿದ ಮೇಲೆ ಮನಸ್ಸು ಬದಲಾಯಿತು. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲೇ ನ್ಯೂ ಆರ್ಲಿಯನ್ಸ್ ಅಂತ ಊರಿದೆ. ಅಲ್ಲಿ ಒಂದೇ ಊರಿಗೆ ಏಳು ಜನ ಚುನಾಯಿತ ಅಸೆಸರ್‌ಗಳು, ಅಂದರೆ ಬೆಲೆ ಕಟ್ಟುವವರು, ಇದ್ದರು, ಒಬ್ಬೊಬ್ಬರಿಗೆ ಒಂದೊಂದು ಭಾಗ. ಒಂದೇ ರೀತಿಯ ಮನೆಗೆ ಈ ಕಡೆ ಒಂದು ಬೆಲೆ, ಆ ಕಡೆ ಇನ್ನೊಂದು ಬೆಲೆ ಅನ್ನುವ ದೂರು ವರ್ಷಗಟ್ಟಲೆ ಇತ್ತು. ಕತ್ರಿನಾ ಚಂಡಮಾರುತದ ಮರುವರ್ಷ, 2006ರಲ್ಲಿ, ಜನರೇ ಓಟು ಹಾಕಿ ಏಳನ್ನು ಒಂದು ಮಾಡಿದರು. ಶಿಕಾಗೋ ಇರುವ ಕುಕ್ ಕೌಂಟಿಯಲ್ಲೂ ಅಸೆಸರ್ ಚುನಾಯಿತರೇ. 2017ರಲ್ಲಿ ಅಲ್ಲಿನ ಪತ್ರಿಕೆಯೊಂದು ಲೆಕ್ಕ ತೆಗೆದು ತೋರಿಸಿತು: ಬಡವರ ಕೇರಿಯ ಮನೆಗಳಿಗೆ ಮಾರಾಟದ ಬೆಲೆಗೆ ಹೋಲಿಸಿದರೆ ಜಾಸ್ತಿ ಬೆಲೆ, ಶ್ರೀಮಂತರ ಮನೆಗಳಿಗೆ ಕಡಿಮೆ. ಮಾರನೇ ವರ್ಷ ಜನ ಆ ಅಸೆಸರನ್ನು ಓಟಿನಲ್ಲೇ ಕೆಳಗಿಳಿಸಿದರು. ಓಟು ಇದ್ದದ್ದಕ್ಕೇ ಇಳಿಸಲು ಆಯಿತು, ಅದು ನಿಜ. ಆದರೆ ಅಲ್ಲಿಯವರೆಗೆ ಜಾಸ್ತಿ ಕಟ್ಟಿದವರು ಎದುರು ಮನೆಯ ಅಕ್ಕನಂಥವರೇ ಅಲ್ವಾ? ತಮ್ಮ ಬೆಲೆ ಜಾಸ್ತಿಯೋ ಕಡಿಮೆಯೋ ಅಂತ ಗೊತ್ತಾಗದೆ ಕಟ್ಟಿದವರು. ವಕೀಲರನ್ನು ಇಟ್ಟು ಅಪೀಲು ಹೋಗುವ ಶಕ್ತಿ ಇದ್ದವರು ಕಡಿಮೆ ಮಾಡಿಸಿಕೊಂಡರು.

ನಮ್ಮ ಊರಿನಲ್ಲಿ ಇದನ್ನು ಕಲ್ಪಿಸಿಕೊಳ್ಳಿ. 300 ಓಟಿನಲ್ಲಿ ವಾರ್ಡು ಗೆಲ್ಲುವ ಊರು ನಮ್ಮದು. ಬೆಲೆ ಕಟ್ಟುವವನು ಓಟು ಕೇಳಲು ಬಂದರೆ ಮೊದಲು ಯಾರ ಮನೆಗೆ ಹೋಗುತ್ತಾನೆ? ಹತ್ತು ಓಟು ಇರುವ ದೊಡ್ಡ ಮನೆಗೆ. ಲಾಡ್ಜ್ ಕಟ್ಟಿಸಿದವರ ಹತ್ತಿರ. ಒಂಟಿ ಹೆಂಗಸಿನ ಒಂದು ಓಟು ಅವನಿಗೆ ಎಷ್ಟು ಮುಖ್ಯ ಆಗುತ್ತದೆ? ಜಾತಿ, ಪಕ್ಷ, ಹಳೇ ಜಗಳ ಎಲ್ಲ ಟೇಪಿನ ಅಳತೆಯ ಒಳಗೆ ಬರುತ್ತದೆ. ಅಳತೆ ಅನ್ನುವುದು ಓಟಿಗೆ ಬಾಗಬಾರದು. ನನ್ನ ಮನೆ 900 ಚದರ ಅಡಿ ಅಂದರೆ ನಾನು ಯಾರಿಗೆ ಓಟು ಹಾಕಿದರೂ 900 ಅಡಿಯೇ ಇರಬೇಕು.

ಇನ್ನೂ ಒಂದು ಇದೆ. ನಮ್ಮಲ್ಲಿ ಚುನಾವಣೆ ಮುಗಿದ ಮಾತ್ರಕ್ಕೆ ಕೆಲಸ ಶುರುವಾಗುತ್ತದೆ ಅಂತಿಲ್ಲ. 2018ರ ಆಗಸ್ಟ್ ಕೊನೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರುಗಳಲ್ಲೂ ಪುರಸಭೆ, ನಗರಸಭೆಗಳಿಗೆ ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ, ಗೆದ್ದ ಸದಸ್ಯರು ಸುಮಾರು ಎರಡು ವರ್ಷ ಅಧಿಕಾರ ಇಲ್ಲದೆ ಕೂತರು. ಬೆಲೆ ಕಟ್ಟುವ ಕುರ್ಚಿಯೂ ಹಾಗೆ ಖಾಲಿ ಬಿದ್ದರೆ? ವರ್ಮಾಂಟಿನಲ್ಲೂ ಈಗ ಎಷ್ಟೋ ಊರುಗಳಿಗೆ ಲಿಸ್ಟರ್ ಆಗಲು ಜನ ಸಿಗುತ್ತಿಲ್ಲವಂತೆ, ಕೆಲಸ ಜಾಸ್ತಿ, ಸಂಬಳ ಕಡಿಮೆ, ಅಕ್ಕಪಕ್ಕದವರ ಸಿಟ್ಟು ಬೇರೆ. ಕೆಲವು ಊರುಗಳು ಆ ಹುದ್ದೆ ತೆಗೆದು ತರಬೇತಾದ ಅಸೆಸರನ್ನು ನೇಮಿಸಿಕೊಂಡಿವೆ.

ನಮ್ಮ ಜಿಲ್ಲೆಗೆ ಕರ ಅನ್ನುವುದು ಬರೀ ದುಡ್ಡಿನ ವಿಷಯ ಆಗಿರಲಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು, ಅದರ ಬೆನ್ನಿಗೆ ಅಂಕೋಲಾ, ಶಿರಸಿ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತು ಜಮೀನು ಕಳಕೊಂಡರು. ಸಿದ್ದಾಪುರದ ಕಡೆ ಜಪ್ತಿಯಾದ ಜಮೀನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಜೋಗಕ್ಕೆ ಹೋಗುವಾಗ ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಒಮ್ಮೆ ಇಳಿದು ನೋಡಿ. ಅದು ಪರದೇಶದವರ ಸರ್ಕಾರಕ್ಕೆ ಕೊಡುವ ಕಂದಾಯ. ಈಗಿನದು ನಮ್ಮದೇ ದೀಪ, ನಮ್ಮದೇ ನೀರು, ನಮ್ಮದೇ ಚರಂಡಿಗೆ ಕಟ್ಟುವುದು. ನಾನು ಕಟ್ಟುವುದಿಲ್ಲ ಅಂತ ಹೇಳುವವನಲ್ಲ. ಆದರೆ ಲೆಕ್ಕ ಕೇಳುವ ಹಕ್ಕು ಬಿಟ್ಟುಕೊಡುವವನೂ ಅಲ್ಲ.

ಹಳೆಯ ಕಾಲದಲ್ಲಿ ಊರಿನ ಲೆಕ್ಕ ಇಟ್ಟವರು ಶಾನುಭೋಗರು, ನಾಡಕರ್ಣಿಗಳು. ನಮ್ಮ ಕಡೆ ಈಗಲೂ ಶಾನಭಾಗ, ನಾಡಕರ್ಣಿ ಅಂತ ಅಡ್ಡಹೆಸರು ಎಷ್ಟು ಇವೆ ನೋಡಿ. ಅಪ್ಪನಿಂದ ಮಗನಿಗೆ ಬರುವ ಕೆಲಸ, ಯಾರೂ ಅವರನ್ನು ಆರಿಸುತ್ತಿರಲಿಲ್ಲ. ಮುಂದೆ ಕಾಯ್ದೆ ಬಂದು ಆ ವಂಶಪಾರಂಪರ್ಯ ಹೋಯಿತು. ಸಂಬಳದ ನೌಕರ ಬಂದ. ಅದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಪರೀಕ್ಷೆ ಪಾಸಾಗಿ ಬಂದ ನೌಕರನೇ ಅಳತೆ ಮಾಡಲಿ, ಅವನಿಗೆ ಯಾರ ಓಟಿನ ಹಂಗೂ ಬೇಡ.

ಆದರೆ ವರ್ಮಾಂಟಿನಿಂದ ಎರಡು ವಿಷಯ ನಾವು ತರಲೇಬೇಕು. ಮೊದಲನೆಯದು ಆ ಪಟ್ಟಿ. ಬಿಲ್ಲು ಕೈಗೆ ಬರುವ ಮೊದಲೇ ವಾರ್ಡಿನ ಎಲ್ಲ ಮನೆಗಳ ವಿವರ ಒಂದೇ ಕಡೆ ಓದಲು ಸಿಗಬೇಕು: ಮನೆ ನಂಬರು, ಎಷ್ಟು ಚದರ ಅಡಿ, ಹೆಂಚೋ ತಾರಸಿಯೋ ಶೀಟೋ, ಎಷ್ಟು ಅಂತಸ್ತು, ಎಷ್ಟು ತೆರಿಗೆ. ವಾರ್ಡಿನ ಅಂಗನವಾಡಿ ಗೋಡೆಗೆ ಅಂಟಿಸಿದರೂ ಸಾಕು. ಈಗ ಆನ್‌ಲೈನ್‌ನಲ್ಲಿ ನನ್ನ ಆಸ್ತಿ ನಂಬರು ಹಾಕಿದರೆ ನನ್ನದು ಕಾಣುತ್ತದೆ. ಇಡೀ ಸಾಲು ಒಟ್ಟಿಗೆ ಕಂಡಾಗಲೇ ತಪ್ಪು ಗೊತ್ತಾಗುವುದು. ನಮ್ಮ ಸಾಲಿನ ಪಟ್ಟಿ ಹಾಗೆ ಗೋಡೆಯ ಮೇಲೆ ಇದ್ದಿದ್ದರೆ ಮೊದಲ ವರ್ಷವೇ ಯಾರೋ ಒಬ್ಬರು, "ಅಯ್ಯೋ ಆ ಅಕ್ಕನ ಮನೆಗೆ ಮಹಡಿ ಎಲ್ಲಿದೆ?" ಅಂತ ಕೇಳುತ್ತಿದ್ದರು. ಹಾಗೇ ಮೂರು ಅಂತಸ್ತು ಕಟ್ಟಿ ಒಂದೇ ತೋರಿಸಿದವರೂ ಕಣ್ಣಿಗೆ ಬೀಳುತ್ತಿದ್ದರು. ಪಟ್ಟಿ ಹೊರಗೆ ಬಂದರೆ ಯಾರಿಗೆ ತೊಂದರೆ ಅಂತ ಯೋಚನೆ ಮಾಡಿ, ಇದುವರೆಗೆ ಯಾಕೆ ಬಂದಿಲ್ಲ ಅಂತ ಗೊತ್ತಾಗುತ್ತದೆ.

ಎರಡನೆಯದು ಕೂತು ಕೇಳುವ ದಿನ. ಊರಿನಿಂದ ಅರ್ಧ ಮೈಲಿ ಆಚೆ ಗ್ರಾಮ ಪಂಚಾಯತ್ ಶುರುವಾಗುತ್ತದೆ. ಅಲ್ಲಿ ಇರುವ ನನ್ನ ಸ್ನೇಹಿತ ಗ್ರಾಮಸಭೆಯಲ್ಲಿ ಎದ್ದು ನಿಂತು ಅಧಿಕಾರಿಯನ್ನು ಎಲ್ಲರ ಎದುರು ಪ್ರಶ್ನೆ ಕೇಳಬಹುದು. ನನಗೆ ಆ ಅವಕಾಶ ಇಲ್ಲ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿ ಕಡ್ಡಾಯ ಅಂತ ಇರುವುದು 3 ಲಕ್ಷ ಅಥವಾ ಅದಕ್ಕೂ ಮೇಲೆ ಜನ ಇರುವ ಊರುಗಳಿಗೆ. ಕಾರವಾರ, ಶಿರಸಿ ಎರಡೂ 2011ರ ಜನಗಣತಿಯಲ್ಲಿ 1 ಲಕ್ಷ ಮುಟ್ಟಿರಲಿಲ್ಲ, ಇನ್ನು ಕುಮಟಾ, ಹೊನ್ನಾವರ, ಅಂಕೋಲದ ಮಾತು ಎಲ್ಲಿ ಬಂತು. ಸಣ್ಣ ಊರು ಅಂದರೆ ಎಲ್ಲ ಹತ್ತಿರ ಅಂತ ಹೊರಗಿನವರು ತಿಳಿಯುತ್ತಾರೆ, ಆದರೆ ಹಳ್ಳಿಯವರಿಗೆ ಗ್ರಾಮಸಭೆ ಇದೆ, ದೊಡ್ಡ ನಗರದವರಿಗೆ ವಾರ್ಡ್ ಸಮಿತಿ ಇದೆ, ನಡುವೆ ಇರುವ ನಮ್ಮಂಥ ಊರಿನವರಿಗೆ ಕೌಂಟರಿನ ಕಿಟಕಿ ಮಾತ್ರ ಇದೆ. ವರ್ಷಕ್ಕೆ ಒಂದು ದಿನ, ಮಾರ್ಚ್‌ನಲ್ಲಿ, ವಾರ್ಡಿಗೆ ಬಂದು ಕೂರಲಿ. ಅಳತೆ ಮಾಡಿದವರೂ ಇರಲಿ, ಸದಸ್ಯರೂ ಇರಲಿ. ಪಂಚನಾಮೆಗೆ ಸಾಕ್ಷಿ ಇಡುವ ಹಾಗೆ ಕೇರಿಯ ಇಬ್ಬರು ಜೊತೆಗಿರಲಿ. ಹೇಳಿದ್ದನ್ನು ಬರೆದುಕೊಂಡು, ಉತ್ತರ ಬರೆದೇ ಕೊಡಲಿ. ಒಂದು ಮನೆಯ ತಪ್ಪು ಒಪ್ಪಿದರೆ ಅದೇ ತಪ್ಪಿರುವ ಎಲ್ಲ ಮನೆಯದೂ ಆವತ್ತೇ ಸರಿಯಾಗಲಿ. ಇದಕ್ಕೆ ಚುನಾವಣೆ ಬೇಡ. ಕೌನ್ಸಿಲ್ ಮನಸ್ಸು ಮಾಡಿದರೆ ಸಾಕು.

ಅಕ್ಕನ ಅರ್ಜಿ ನಾನೇ ಬರೆದುಕೊಟ್ಟೆ. ಆಮೇಲೆ ಸಾಲಿನ ಮನೆಗಳಿಗೆಲ್ಲ ಹೋಗಿ ಚಲನ್ ನೋಡಿದೆವು. 14 ಮನೆಗಳಲ್ಲಿ ಶೀಟನ್ನು ಮಹಡಿ ಅಂತ ಬರೆದಿತ್ತು. ಹದಿನಾಲ್ಕೂ ಮನೆಯವರ ಸಹಿ ಹಾಕಿಸಿ ಒಂದೇ ಅರ್ಜಿ ಕೊಟ್ಟಿದ್ದೇವೆ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ. ಇಲ್ಲಿಯವರೆಗೆ ಜಾಸ್ತಿ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿ ಅಂತಲೂ ಬರೆದಿದ್ದೇವೆ. ಅಕ್ಕ ಸಹಿ ಹಾಕುವಾಗ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮನೆ ನಂಬರಿನಲ್ಲಿ ನಾನು ಮಾಡಿದ ಒಂದು ತಪ್ಪು ತಿದ್ದಿಸಿದರು.

ನಿಮ್ಮ ಮನೆಯ ಮೇಲೂ ಶೀಟ್ ಇದ್ದರೆ ಇವತ್ತೇ ಚಲನ್ ತೆಗೆದು ನೋಡಿ. ಒಟ್ಟು ಮೊತ್ತ ಬಿಡಿ, ಕಟ್ಟಡದ ವಿವರದಲ್ಲಿ ಅಂತಸ್ತು ಅಂತ ಇರುವ ಕಡೆ ಎಷ್ಟು ಸಾಲು ಇದೆ ಅಂತ ಎಣಿಸಿ. ಜಾಸ್ತಿ ಇದ್ದರೆ ತಾರಸಿ ಹತ್ತಿ, ನಾಲ್ಕೂ ಕಡೆ ಗೋಡೆ ಇಲ್ಲ ಅನ್ನುವುದು ಕಾಣುವ ಹಾಗೆ ಒಳಗಿನಿಂದ ಫೋಟೊ ತೆಗೆಯಿರಿ, ರಸ್ತೆಯಿಂದ ಬೇಡ. ಮಳೆ ಹಿಡಿಯುವ ಮೊದಲು ಕೊಡಿ. ಆಮೇಲೆ ಅಳತೆಗೆ ಯಾರೂ ಮೇಲೆ ಹತ್ತುವುದಿಲ್ಲ.